ಅಮ್ಮ ಹೊಲಿದ ಟೂಲ್ ಕಿಟ್

ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಗ್ರೀಸಿನ ಡಬ್ಬಿ ಇರುತ್ತಿತ್ತು. ಈಗ ಇದನ್ನು ಹೇಳಿದರೆ ನನ್ನ ಸೊಸೆ ಮುಖ ಸಿಂಡರಿಸುತ್ತಾಳೆ. ನಮಗೆ ಅದು ವಿಚಿತ್ರ ಅನ್ನಿಸಿದ್ದೇ ಇಲ್ಲ. ಬಸವೇಶ್ವರನಗರದ ಆ ಮನೆಯ ಮುಂದಿನ ಪೋರ್ಷನ್ ಬಾಡಿಗೆಗೆ ಕೊಟ್ಟು, ಹಿಂದಿನದರಲ್ಲಿ ನಾವಿದ್ದೆವು. ಒಂದು ಹಾಲು, ಒಂದು ರೂಮು, ಅಡುಗೆಮನೆ, ಅದರ ಮೂಲೆಯಲ್ಲಿ ಬಾಗಿಲಿಲ್ಲದ ದೇವರ ಗೂಡು, ಹಂಡೆ ಇದ್ದ ಬಚ್ಚಲು. ಇಷ್ಟರಲ್ಲೇ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ತಮ್ಮ ಮಂಜು, ಮತ್ತು ಅಪ್ಪನ ಸ್ಪ್ಯಾನರ್‌ಗಳು ಬಾಳುತ್ತಿದ್ದೆವು. ಸ್ಪ್ಯಾನರ್‌ಗಳನ್ನು ಮನೆಮಂದಿಯ ಜೊತೆ ಸೇರಿಸಿದ್ದು ತಮಾಷೆಗಲ್ಲ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದ. ಸೀರೆ ಅಂಗಡಿಗೆ ಹೋದಾಗ ಅಜ್ಜಿಗೆ ಏನಾಗುತ್ತಿತ್ತೋ ಹಾರ್ಡ್‌ವೇರ್ ಅಂಗಡಿಗೆ ಹೋದಾಗ ಅಪ್ಪನಿಗೆ ಅದೇ ಆಗುತ್ತಿತ್ತು. ಇರುವುದನ್ನೇ ಇನ್ನೊಂದು ತರುತ್ತಿದ್ದ. ಕಿಟಕಿಯ ಕಟ್ಟೆಯ ಮೇಲೆ ಸ್ಪ್ಯಾನರು, ಬಚ್ಚಲ ಗೂಡಿನಲ್ಲಿ ಸೋಪಿನ ಪಕ್ಕ ಸ್ಪ್ಯಾನರು, ನನ್ನ ಕಂಪಾಸ್ ಬಾಕ್ಸಿನಲ್ಲಿ ಒಮ್ಮೆ ಸ್ಕ್ರೂಡ್ರೈವರು. ಕಾಯಿ ಒಡೆಯಲು ಬೇರೆಯವರ ಮನೆಯಲ್ಲಿ ಕಲ್ಲೋ ಕತ್ತಿಯೋ ಇದ್ದರೆ ನಮ್ಮ ಮನೆಯಲ್ಲಿ ಸುತ್ತಿಗೆ ಇತ್ತು.

ಮನೆಯ ಪಕ್ಕದ ಓಣಿಯಲ್ಲಿ ಒಂದು ಹಳೆಯ ಕಾರು ನಿಂತಿರುತ್ತಿತ್ತು. ಅಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ರಿಟೈರಾಗಿ ಊರಿಗೆ ಹೋಗುವಾಗ ನಮಗೆ ಬಿಟ್ಟುಹೋದ ಕೆನೆ ಬಣ್ಣದ ಕಾರು ಅದು. ಅದು ಬಂದ ದಿನವೇ ಅಪ್ಪ ಅದರ ಡಿಕ್ಕಿಯಲ್ಲಿ ಒಂದು ಕಬ್ಬಿಣದ ಟ್ರಂಕ್ ಇಟ್ಟು, ಮನೆಯಲ್ಲಿದ್ದ ಹತ್ಯಾರಗಳಲ್ಲಿ ಅರ್ಧದಷ್ಟನ್ನು ಅದಕ್ಕೆ ತುಂಬಿದ. ಉಳಿದರ್ಧ ಮನೆಯಲ್ಲೇ ಉಳಿದದ್ದು ಟ್ರಂಕಿನಲ್ಲಿ ಜಾಗ ಸಾಲದೆ. ಕಾರಿನ ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತು. ಊರಿಗೆ ಹೊರಟರೆ ಬಟ್ಟೆಬರೆಯನ್ನು ನಾವು ತೊಡೆಯ ಮೇಲಿಟ್ಟುಕೊಂಡು ಕೂರಬೇಕಿತ್ತು, ಟ್ರಂಕ್ ಮಾತ್ರ ಮಹಾರಾಜನ ಹಾಗೆ ಹಿಂದೆ ಒಂಟಿಯಾಗಿ ಬರುತ್ತಿತ್ತು. ಆದರೂ ಒಂದು ಮಾತು ಹೇಳಬೇಕು: ಆ ಕಾರು ಎಲ್ಲೇ ನಿಂತರೂ ಅಪ್ಪ ಶರ್ಟಿನ ತೋಳು ಮಡಚಿ ಇಳಿಯುತ್ತಿದ್ದ, ಅದನ್ನು ಮತ್ತೆ ಓಡುವಂತೆ ಮಾಡಿಯೇ ಹತ್ತುತ್ತಿದ್ದ. ಅವನ ಮುಖದಲ್ಲಿ ಆಗ ಕಾಣುತ್ತಿದ್ದ ಖುಷಿ ನೋಡಿದರೆ, ಕಾರು ತಾನಾಗಿ ನಿಂತಿತೋ ಇವನೇ ನಿಲ್ಲಿಸಿದನೋ ಎಂದು ಅನುಮಾನ ಬರುತ್ತಿತ್ತು.

ಅಮ್ಮ ರಸ್ತೆಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಎದುರುಮನೆಯ ಆಂಟಿ ಡ್ರೈವಿಂಗ್ ಕಲಿಯಲು ಹೊರಟಾಗ ಜೊತೆಗಿರಲಿ ಎಂದು ಅಮ್ಮನನ್ನೂ ಕರೆದುಕೊಂಡು ಹೋದರು. ಆಂಟಿ ಎರಡೇ ವಾರಕ್ಕೆ ಬಿಟ್ಟರು. ಅಮ್ಮ ಕಲಿತು ಲೈಸೆನ್ಸ್ ತೆಗೆದುಕೊಂಡೇ ಮನೆಗೆ ಬಂದಳು. ಆದರೆ ಅಪ್ಪ ಪಕ್ಕದಲ್ಲಿ ಕೂತಿದ್ದಾಗ ಮಾತ್ರ ಅವಳು ಕಾರು ಓಡಿಸಬಹುದಿತ್ತು, ಅದೂ ನಮ್ಮ ಬಡಾವಣೆಯ ಒಳಗೆ, ಪಾರ್ಕ್ ಸುತ್ತ. ತಾನೊಬ್ಬಳೇ ಸ್ಟೀರಿಂಗ್ ಹಿಡಿದು ದೊಡ್ಡ ರಸ್ತೆಗೆ ಇಳಿಯಬೇಕು ಎಂಬುದು ಅವಳ ಆಸೆ. ಅದೊಂದನ್ನು ಬಿಟ್ಟು ಆ ವರ್ಷ ಅವಳು ಬೇರೇನನ್ನೂ ಕೇಳಿದ್ದು ನನಗೆ ನೆನಪಿಲ್ಲ. ರಾತ್ರಿಯ ಊಟಕ್ಕೆ ಕೂತಾಗಲೆಲ್ಲ ಅದೇ ಜಗಳ.

"ಲೈಸೆನ್ಸ್‌ನಲ್ಲಿ ಪಕ್ಕದಲ್ಲಿ ಗಂಡ ಕೂತಿರ್ಬೇಕು ಅಂತ ಬರ್ದಿದಾರೇನ್ರೀ?"

"ಓಡ್ಸೋದು ಚೆನ್ನಾಗೇ ಓಡಿಸ್ತೀಯ ಕಣೇ, ನಾನು ಇಲ್ಲ ಅಂದ್ನಾ? ದಾರೀಲಿ ಕೆಟ್ಟು ನಿಂತ್ರೆ ಏನ್ ಮಾಡ್ತೀಯಾ?"

"ನೀವೇನ್ ಮಾಡ್ತೀರಾ?"

"ಟ್ರಂಕ್ ತೆಗ್ದು ರಿಪೇರಿ ಮಾಡ್ತೀನಿ."

"ನಾನೂ ಅದೇ ಮಾಡ್ತೀನಿ."

"ಮೊದ್ಲು ಆ ಟ್ರಂಕ್ ಎತ್ತು, ನೋಡೋಣ."

ಅಮ್ಮ ಊಟದ ತಟ್ಟೆ ಬಿಟ್ಟು ಎದ್ದು ಹೋದಳು. ನಾವು ಕಿಟಕಿಗೆ ಮುಖ ಅಂಟಿಸಿಕೊಂಡು ನೋಡಿದೆವು. ಡಿಕ್ಕಿ ತೆಗೆದು, ಸೆರಗು ಸಿಕ್ಕಿಸಿ, ಎರಡೂ ಕೈ ಹಾಕಿ ಎಳೆದಳು. ಕಾರು ಅಲುಗಾಡಿತೇ ಹೊರತು ಟ್ರಂಕ್ ಜಪ್ಪಯ್ಯ ಅನ್ನಲಿಲ್ಲ. ವಾಪಸ್ಸು ಬಂದು ಕೂತು ಮುದ್ದೆ ಮುಗಿಸಿದಳು. ಪಾತ್ರೆ ತೊಳೆಯುವಾಗ ಎದ್ದ ಸದ್ದಿಗೆ ಮುಂದಿನ ಪೋರ್ಷನ್ನಿನವರು ದೀಪ ಹಾಕಿದರು.

ಮರುದಿನ ನಾನು ಸ್ಕೂಲಿನಿಂದ ಬಂದಾಗ ಅಮ್ಮ ಅಟ್ಟದಿಂದ ಹೋಲ್ಡಾಲ್ ಇಳಿಸಿ ಹಾಲಿನ ತುಂಬ ಹಾಸಿಕೊಂಡು ಕೂತಿದ್ದಳು. ಹೋಲ್ಡಾಲ್ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ರೈಲಿನಲ್ಲಿ ಹೋಗುವಾಗ ಹಾಸಿಗೆ ಹೊದಿಕೆಗಳನ್ನು ಸುತ್ತಿ ಬೆಲ್ಟ್ ಬಿಗಿಯುತ್ತಿದ್ದ ದಪ್ಪ ಕ್ಯಾನ್ವಾಸಿನ ಚೀಲ. ಅಮ್ಮನ ಮದುವೆಯಲ್ಲಿ ಅವಳ ತವರಿನವರು ಕೊಟ್ಟದ್ದು. ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ದೊಡ್ಡ ಕತ್ತರಿ ತೆಗೆದುಕೊಂಡು ಸೀಳಿಯೇಬಿಟ್ಟಳು. ಅಜ್ಜಿ ಎದೆಗೆ ಕೈ ಇಟ್ಟುಕೊಂಡು ಕೂಗಿಕೊಂಡಳು.

"ಅಯ್ಯೋ ನಿನ್ನ ಮನೆ ಹಾಳಾಗ! ಚೆನ್ನಾಗಿರೋದ್ನ ಯಾಕಮ್ಮ ಕತ್ತರಿಸ್ತೀಯಾ? ಯಾರಿಗಮ್ಮ ಇಂಥ ದಪ್ಪ ರವ್ಕೆ?"

"ನಿಮ್ಮ ಮಗನ ಸ್ಪ್ಯಾನರ್‌ಗೆ ಅತ್ತೆ."

ಸಂಜೆ ಅಪ್ಪ ಬಂದಾಗ ಅಮ್ಮ ತನ್ನ ಲೆಕ್ಕಾಚಾರವನ್ನು ಮುಂದಿಟ್ಟಳು. ಹೊಲಿಯುವುದು ಹತ್ಯಾರಗಳಿಗೆ ಜೇಬುಗಳಿರುವ ಕಿಟ್, ಅದನ್ನು ಒಂದೇ ಕೈಯಲ್ಲಿ ಎತ್ತಲು ಬರಬೇಕು. ತಾನು ಸ್ವತಃ ಬಳಸಿ ನೋಡಿರದ ಯಾವುದಕ್ಕೂ ಅದರಲ್ಲಿ ಜೇಬಿಲ್ಲ. ಸುರುಳಿ ಸುತ್ತಿ ಬೆಲ್ಟ್ ಬಿಗಿದರೆ ಸೀಟಿನ ಕೆಳಗೆ ಹೋಗಬೇಕು. ಅಪ್ಪ ಮೊದಲು ನಕ್ಕ. ಆಮೇಲೆ ಆ ಕ್ಯಾನ್ವಾಸನ್ನು ಕೈಯಲ್ಲಿ ಹಿಡಿದು, ಹೊಲಿಗೆಯನ್ನು ಎಳೆದು ನೋಡಿ, ಗಂಭೀರನಾದ. ಅವನಿಗೆ ಒಳ್ಳೆಯ ಕೆಲಸ ಕಂಡರೆ ಜಗಳ ಮರೆತುಹೋಗುತ್ತಿತ್ತು. ಅದು ಅವನ ದೊಡ್ಡ ಗುಣ, ಅಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಸರಿ ಬಿಡು. ಗಾಡಿ ಎಲ್ಲಿ ಕೆಟ್ಟು ನಿಂತ್ರೂ ನೀನೇ ಓಡಿಸ್ಕೊಂಡು ಬಂದ್ರೆ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು, ನಾನು ಕೇಳಲ್ಲ. ಆದ್ರೆ ಒಂದ್ಸಲ ಕೈಚೆಲ್ಲಿ ಆಟೋದಲ್ಲಿ ಬಂದ್ಯೋ, ನಾನಿಲ್ದೆ ಸ್ಟೀರಿಂಗ್ ಮುಟ್ಟೋ ಮಾತಿಲ್ಲ."

"ಆಗ್ಲಿ. ಮಾತು ಅಂದ್ರೆ ಮಾತು."

ಹಾಗೆ ಶುರುವಾದವು ನಮ್ಮ ಭಾನುವಾರಗಳು. ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಓಣಿಗೆ ಹೋಗಿ, ಬಾನೆಟ್ ತೆಗೆದು ಏನೋ ಒಂದನ್ನು ಕೆಡಿಸಿ, ಸಿಳ್ಳೆ ಹಾಕುತ್ತ ಒಳಗೆ ಬರುತ್ತಿದ್ದ. ಉಪ್ಪಿಟ್ಟು ತಿಂದಾದ ಮೇಲೆ ಅಮ್ಮನ ಪರೀಕ್ಷೆ. ಅಮ್ಮ ಹಳೆಯ ವಾಯಿಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಇಳಿಯುತ್ತಿದ್ದಳು. ಕೇಳಿದ್ದನ್ನು ಎತ್ತಿಕೊಡುವ ಕೆಲಸ ನನ್ನದು. ಮಂಜು ಕಾರಿನ ಕೆಳಗೆ ತೂರಿಕೊಂಡು ಅಲ್ಲಿಂದ ವರದಿ ಒಪ್ಪಿಸುತ್ತಿದ್ದ. ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಎಲೆಅಡಿಕೆ ಸಂಚಿ ಬಿಚ್ಚಿಕೊಂಡು ಕೂತು, ಮಗ ಮಾಡಿದ್ದೂ ತಪ್ಪು ಸೊಸೆ ಮಾಡುತ್ತಿರುವುದೂ ತಪ್ಪು ಎಂದು ಸಮಾನವಾಗಿ ಬೈಯುತ್ತಿದ್ದಳು. ಒಂದು ಭಾನುವಾರ ಬ್ಯಾಟರಿಯ ವೈರ್ ಸಡಿಲ. ಇನ್ನೊಂದು ಭಾನುವಾರ ಸ್ಪಾರ್ಕ್ ಪ್ಲಗ್ಗಿಗೆ ಮಸಿ. ಮತ್ತೊಂದು ಸಲ ಟೈರಿನ ಗಾಳಿ ಬಿಟ್ಟು ಏನೂ ಅರಿಯದವನ ಹಾಗೆ ಪೇಪರ್ ಓದುತ್ತ ಕೂತ. ಫ್ಯಾನ್ ಬೆಲ್ಟನ್ನೇ ಕಳಚಿಟ್ಟ ದಿನ ಅಮ್ಮ ಮಧ್ಯಾಹ್ನದವರೆಗೆ ಒದ್ದಾಡಿದಳು. ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಬೋಲ್ಟು ಸಡಿಲಿಸಿ, ಬೆಲ್ಟ್ ಕೂರಿಸಿ, ಡೈನಮೊವನ್ನು ಕೋಲಿನಿಂದ ಒತ್ತಿಹಿಡಿದು ಮತ್ತೆ ಬಿಗಿಯಬೇಕು. ಅಂದು ಅನ್ನ ಸೀದಿತು. ಯಾರೂ ತುಟಿಪಿಟಿಕ್ ಅನ್ನದೆ ಉಂಡೆವು, ಏಕೆಂದರೆ ಕಾರು ಓಡಿತ್ತು.

ಬಳಸಿದ ಪ್ರತಿಯೊಂದು ಹತ್ಯಾರಕ್ಕೂ ಅಂದೇ ಸಂಜೆ ಜೇಬು. ಅಮ್ಮ ಸ್ಪ್ಯಾನರನ್ನು ಅಂಗೈಯ ಮೇಲಿಟ್ಟು, ಅದರ ಬಾಯಿಯನ್ನೂ ಉದ್ದವನ್ನೂ ತೋಳಿನ ಅಳತೆ ತೆಗೆಯುವ ಹಾಗೆ ಟೇಪಿನಿಂದ ಅಳೆದು, ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವುಗಳ ಮೇಲೆ ಕೊರೆದ ನಂಬರು ಅವಳಿಗೆ ಬೇಕಿರಲಿಲ್ಲ. ಎರಡನೇ ಜೇಬಿನದು, ಅಗಲ ಬಾಯಿಯದು, ಬಡಕಲು ಎಂದೇ ಕರೆಯುತ್ತಿದ್ದಳು. ಅಪ್ಪನ ಟ್ರಂಕಿನಿಂದ ಹೀಗೆ ನಾಲ್ಕಾರು ಸ್ಪ್ಯಾನರು, ಎರಡು ಸ್ಕ್ರೂಡ್ರೈವರು, ಒಂದು ಕಟಿಂಗ್ ಪ್ಲೇಯರು, ಪ್ಲಗ್ ಸ್ಪ್ಯಾನರು ಪಾಸಾಗಿ ಬಂದವು. ಅಡುಗೆಮನೆಯಿಂದಲೂ ಕೆಲವು ಬಂದವು. ಪೆಟ್ರೋಲ್ ಟ್ಯಾಂಕ್ ಎಲ್ಲಾದರೂ ಜಿನುಗಿದರೆ ಮೆತ್ತಲು ಬಟ್ಟೆ ಸೋಪಿನ ತುಂಡು. ಒರೆಸಲು ಅಪ್ಪನ ಹಳೆಯ ಬನಿಯನ್. ರೇಡಿಯೇಟರ್ ಸಣ್ಣಗೆ ಸೋರಿದರೆ ನೀರಿಗೆ ಅರಿಸಿನ ಹಾಕಬೇಕು ಎಂದು ಅಜ್ಜಿ ಯಾವುದೋ ಬಸ್ ಡ್ರೈವರನಿಂದ ಕೇಳಿ ತಿಳಿದಿದ್ದಳು. ಅಪ್ಪನೂ ಹೌದು ಅಂದಿದ್ದರಿಂದ ಅದಕ್ಕೂ ಒಂದು ಪುಟ್ಟ ಡಬ್ಬಿ ಸೇರಿತು. ತನ್ನ ಸಲಹೆಗೂ ಜೇಬು ಸಿಕ್ಕಿದ ಮೇಲೆ ಅಜ್ಜಿಯ ಬೈಗುಳ ಅರ್ಧಕ್ಕಿಳಿಯಿತು.

ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. ಇಷ್ಟು ಕಡಿಮೆ ಹತ್ಯಾರಗಳೊಂದಿಗೆ ಮನುಷ್ಯರು ಮನೆ ಬಿಟ್ಟು ಹೊರಡುವುದು ಅವನ ಕಲ್ಪನೆಗೇ ನಿಲುಕುತ್ತಿರಲಿಲ್ಲ. ಯಾರಿಗೂ ಕಾಣದ ಹಾಗೆ ಸುರುಳಿಯೊಳಗೆ ಇನ್ನೊಂದು ಸ್ಪ್ಯಾನರ್ ತುರುಕಿಬಿಡುತ್ತಿದ್ದ. ಅಮ್ಮ ಸುರುಳಿಯನ್ನು ಒಂದೇ ಕೈಯಲ್ಲಿ ಎತ್ತಿದವಳೇ ತೂಕದಿಂದಲೇ ಕಂಡುಹಿಡಿಯುತ್ತಿದ್ದಳು. ರಾತ್ರಿ ಬಡಿಸುವಾಗ ಅಪ್ಪನ ತಟ್ಟೆಯಲ್ಲಿ ಮುದ್ದೆಯ ಪಕ್ಕದಲ್ಲಿ ಆ ಸ್ಪ್ಯಾನರನ್ನು ಬಡಿಸುತ್ತಿದ್ದಳು.

"ಇದೇನೇ ಇದು?"

"ನೆಂಚ್ಕೊಳಿ."

ಮಂಜು ನಕ್ಕು ನಕ್ಕು ಸಾರು ಮೂಗಿಗೆ ಹತ್ತಿಸಿಕೊಳ್ಳುತ್ತಿದ್ದ. ಅಪ್ಪ ಆ ಸ್ಪ್ಯಾನರನ್ನು ಒರೆಸಿ ಜೇಬಿಗಿಳಿಸಿ, ತಲೆ ತಗ್ಗಿಸಿ ಉಣ್ಣುತ್ತಿದ್ದ, ಅವನ ಭುಜ ಮಾತ್ರ ನಗುವಿಗೆ ಕುಣಿಯುತ್ತಿತ್ತು. ನಾನು ಬೆಳೆದದ್ದು ಆ ಮನೆಯಲ್ಲಿ, ಆ ಭಾನುವಾರಗಳಲ್ಲಿ. ಮಿಕ್ಸಿ ಕೆಡಲಿ, ಮೋಟರು ಕೆಡಲಿ, ಕೆಟ್ಟು ನಿಂತ ವಸ್ತುವಿನ ಎದುರು ನಾನು ಇವತ್ತಿಗೂ ಹೆದರುವುದಿಲ್ಲ. ಮೊದಲು ಅದರ ಮುಚ್ಚಳ ತೆಗೆದು ನೋಡುತ್ತೇನೆ. ಇದು ನನಗೆ ಯಾವ ಸ್ಕೂಲಿನಲ್ಲೂ ಸಿಕ್ಕ ವಿದ್ಯೆಯಲ್ಲ. ಅಪ್ಪ ಅಮ್ಮ ಜಗಳವಾಡುತ್ತಲೇ ಇಷ್ಟು ಸುಖವಾಗಿ ಇರಬಲ್ಲರು ಎಂಬುದನ್ನೂ ಅಲ್ಲೇ ಕಲಿತೆ.

ಕಿಟ್ ಮುಗಿದ ದಿನ ಅಪ್ಪನ ಟ್ರಂಕ್ ಡಿಕ್ಕಿಯಿಂದ ಇಳಿದು ಮನೆಯೊಳಗೆ ಬಂತು. ಆದರೂ ಅಪ್ಪ ಅಮ್ಮನನ್ನು ಒಬ್ಬಳೇ ಕಳಿಸಲಿಲ್ಲ. ಇನ್ನೊಂದು ಭಾನುವಾರ ನೋಡೋಣ, ಇನ್ನೊಂದು ನೋಡೋಣ ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಆಯುಧ ಪೂಜೆ ಬಂತು. ಕೆಂಗೇರಿ ಉಪನಗರದಲ್ಲಿದ್ದ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಅಂದು ಮಧ್ಯಾಹ್ನದ ಊಟಕ್ಕೆ ಎಲ್ಲರನ್ನೂ ಕರೆದಿದ್ದರು. ಅಪ್ಪನಿಗೆ ಬೆಳಿಗ್ಗೆ ಕಾರ್ಖಾನೆಯ ಪೂಜೆ. ಅದು ಮುಗಿದು ಕುಂಬಳಕಾಯಿ ಒಡೆಯುವುದು ಯಾವಾಗಲೋ ಹೇಳುವಂತಿರಲಿಲ್ಲ. ಹಿಂದಿನ ಸಂಜೆ ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಹೇಳಿದ:

"ನಾಳೆ ನೀನೇ ಇವರನ್ನೆಲ್ಲ ಕರ್ಕೊಂಡು ಹೊರಟ್ಬಿಡು. ನಾನು ಆಮೇಲೆ ಸ್ಕೂಟರಲ್ಲಿ ಬರ್ತೀನಿ. ಮಾತು ನೆನಪಿದೆ ತಾನೆ? ಕಿಟ್ ಮರೀಬೇಡ."

"ಉಸಿರಾಡೋದು ಮರೀತೀನೇನ್ರೀ?" ಎಂದು ಅಮ್ಮ ನಕ್ಕಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಮರುದಿನ ಅಜ್ಜಿಯದೇ ಕಾರುಬಾರು. ಮನೆಯಲ್ಲಿದ್ದ ಹರಿತವಾದದ್ದು, ತಿರುಗುವಂಥದ್ದು, ಕಬ್ಬಿಣದ್ದು ಎಲ್ಲವೂ ದೇವರ ಮುಂದೆ ಬರಬೇಕು. ಈಳಿಗೆಮಣೆ, ಚಾಕು, ಹೊಲಿಗೆ ಯಂತ್ರ, ಕತ್ತರಿ, ಮಂಜುವಿನ ಶಾರ್ಪನರ್. ಅಮ್ಮನ ಕಿಟ್ಟನ್ನೂ ಸೀಟಿನ ಕೆಳಗಿನಿಂದ ತೆಗೆಸಿ, ಬೆಲ್ಟ್ ಬಿಚ್ಚಿ ಹರಡಿದೆವು. ನಾನೇ ಒಂದೊಂದು ಸ್ಪ್ಯಾನರಿಗೂ ವಿಭೂತಿ ಬಳಿದು ಕುಂಕುಮ ಇಟ್ಟೆ. ಹಾಗೆ ಪೂಜೆಗಿಟ್ಟ ಆಯುಧಗಳನ್ನು ಅಂದು ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿಯಂದು ಪೂಜೆ ಮಾಡಿ, ಕೂತಲ್ಲಿಂದ ಸ್ವಲ್ಪ ಕದಲಿಸಿದ ಮೇಲೆಯೇ ಬಳಕೆ. ವಾಹನಕ್ಕೆ ಮಾತ್ರ ವಿನಾಯಿತಿ: ಪೂಜೆಯಾದೊಡನೆ ಚಕ್ರದಡಿ ನಿಂಬೆಹಣ್ಣು ಇಟ್ಟು ಓಡಿಸಲೇಬೇಕು. ಕಾರಿಗೆ ಬಾಳೆಕಂದು ಕಟ್ಟಿ, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ ಹಾಕಿದೆವು. ಅಜ್ಜಿಗೆ ಸಮಾಧಾನವಾಗಲಿಲ್ಲ.

"ಓಡೋದು ಒಳಗಿರೋದು ಕಣ್ರೋ. ಮೇಲಿನ ತಗಡಿಗೆ ಹೂ ಹಾಕಿ ಒಳಗಿನದನ್ನ ಬರೀ ಕುತ್ತಿಗೇಲಿ ಬುಟ್ರೆ ಏನ್ ಚೆಂದ? ಬಾಯಿ ತೆಗೀರಿ ಅದರದ್ದು."

ಬಾನೆಟ್ ತೆಗೆಸಿ, ರೇಡಿಯೇಟರಿನ ತಲೆಯ ಮೇಲೆ ಉಳಿದ ಹಾರವನ್ನು ಇಳಿಬಿಟ್ಟು, ಕೈಮುಗಿದು, ಮುಚ್ಚಿಸಿದಳು. ಅಮ್ಮ ಒಳಗೆ ಒಬ್ಬಟ್ಟು ಡಬ್ಬಿಗೆ ತುಂಬುತ್ತಿದ್ದಳು. ನಿಂಬೆಹಣ್ಣು ಚಪ್ಪಟೆಯಾಗಿ ನಾವು ಓಣಿಯಿಂದ ಹೊರಬಿದ್ದಾಗ ಎದುರುಮನೆಯ ಆಂಟಿ ಗೇಟಿಗೆ ಬಂದು ಕೈ ಬೀಸಿದರು. ಅಮ್ಮ ಹೊಸ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ವಿಜಯನಗರ ದಾಟಿ ಮೈಸೂರು ರಸ್ತೆಗೆ ತಿರುಗಿಸಿದಳು. ಈಗ ಅಲ್ಲಿ ಮೆಟ್ರೊ ಕಂಬಗಳಿವೆ. ಆಗ ಎರಡೂ ಬದಿಗೆ ಮರಗಳಿದ್ದವು. ಎದುರಿಗೆ ಬಂದ ಬಸ್ಸು ಲಾರಿಗಳೆಲ್ಲ ಬಾಳೆಕಂದು ಅಲ್ಲಾಡಿಸಿಕೊಂಡು ಬರುತ್ತಿದ್ದವು. ಯಾವಾಗಲೂ ಹಿಂದೆ ಕೂರುವ ಅಜ್ಜಿ ಮುಂದೆ ಕೂತು, ಹಾದಿಯಲ್ಲಿ ಸಿಕ್ಕಿದ ದೇವಸ್ಥಾನಗಳಿಗೆಲ್ಲ ಕೈಮುಗಿಯುತ್ತಿದ್ದಳು. ನಾನು ಅಮ್ಮನನ್ನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅಷ್ಟು ಚೆಲುವಾಗಿ ಅವಳು ನನಗೆ ಅದಕ್ಕೆ ಮುಂಚೆ ಯಾವತ್ತೂ ಕಂಡಿರಲಿಲ್ಲ.

ನಾಯಂಡಹಳ್ಳಿ ದಾಟಿ ಸ್ವಲ್ಪ ದೂರ ಹೋಗಿರಬೇಕು. ಬಾನೆಟ್ಟಿನೊಳಗೆ ಪಟಪಟ ಸದ್ದಾಯಿತು, ಅಮ್ಮನ ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಅಮ್ಮ ತಕ್ಷಣ ಪಕ್ಕಕ್ಕೆ ತೆಗೆದು ಆಫ್ ಮಾಡಿದಳು. ಬಾನೆಟ್ ಎತ್ತಿದರೆ ಒಳಗೆ ಎಲ್ಲೆಲ್ಲೂ ಚೆಂಡುಹೂವಿನ ಎಸಳು. ಅಜ್ಜಿಯ ಹಾರ ಜಾರಿ ಫ್ಯಾನಿಗೆ ಸಿಕ್ಕಿ, ದಾರವೆಲ್ಲ ಸುತ್ತಿಕೊಂಡು, ಬೆಲ್ಟನ್ನು ಎಳೆದು ಕೆಳಗೆ ಹಾಕಿತ್ತು. ಅಮ್ಮನ ಮುಖದಲ್ಲಿ ಗಾಬರಿ ಇರಲಿಲ್ಲ. ಬೆಲ್ಟು ತುಂಡಾಗಿಲ್ಲ ಎಂದು ನೋಡಿಕೊಂಡು, ನನ್ನತ್ತ ಕೈ ಚಾಚಿದಳು.

"ಪುಟ್ಟೀ, ಕಿಟ್ ಕೊಡು."

ನಾನು ಸೀಟಿನ ಕೆಳಗೆ ಕೈ ಹಾಕಿದೆ. ನನಗೆ ನೆನಪಾಯಿತು. ಅಮ್ಮನಿಗೂ ಅದೇ ಹೊತ್ತಿಗೆ ನೆನಪಾದದ್ದು ಅವಳ ಕೈ ಗಾಳಿಯಲ್ಲಿ ಹಾಗೇ ನಿಂತದ್ದರಿಂದ ಗೊತ್ತಾಯಿತು.

"ದೇವರ ಮುಂದೆ ಇದೆ ಕಣಮ್ಮ," ಎಂದೆ.

ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಇಷ್ಟು ತಿಂಗಳು ಕಲಿತದ್ದೆಲ್ಲ ತಲೆಯಲ್ಲಿತ್ತು, ಬಿಗಿಯುವ ಸ್ಪ್ಯಾನರ್ ಮನೆಯಲ್ಲಿ ಕುಂಕುಮ ಇಟ್ಟುಕೊಂಡು ಕೂತಿತ್ತು. ಆಟೋ ಹತ್ತಿದರೆ ಮಾತಿನ ಪ್ರಕಾರ ಎಲ್ಲ ಅಲ್ಲಿಗೆ ಮುಗಿಯಿತು. ಸುತ್ತಿಕೊಂಡ ದಾರ ಕತ್ತರಿಸಲು ಒಂದು ಚಾಕು ಕೂಡ ನಮ್ಮ ಹತ್ತಿರ ಇರಲಿಲ್ಲ. ಆಗ ಅಜ್ಜಿ ಸದ್ದಿಲ್ಲದೆ ಸೊಂಟದ ಸಂಚಿಯಿಂದ ಅಡಕತ್ತರಿ ತೆಗೆದು ಅಮ್ಮನ ಮಡಿಲಿಗೆ ಹಾಕಿದಳು.

"ಇದನ್ನ ಪೂಜೆಗೆ ಇಟ್ಟಿಲ್ವಾ ಅಜ್ಜೀ?" ಮಂಜು ಬಿಡಲಿಲ್ಲ.

"ಇದು ಬಾಯಿಗೆ ಸಂಬಂಧಪಟ್ಟಿದ್ದು. ಆಯುಧ ಅಲ್ಲ. ಮುಚ್ಕೊಂಡು ನಿಂತ್ಕೋ."

ಅಡಕತ್ತರಿಯಿಂದ ದಾರ ಕತ್ತರಿಸಿ ಬಿಡಿಸಿದ್ದಾಯಿತು. ಇನ್ನು ಸ್ಪ್ಯಾನರು. ಸ್ವಲ್ಪ ಮುಂದೆಯೇ ಒಂದು ಗ್ಯಾರೇಜು ಕಂಡಿತು. ಬಾಗಿಲಲ್ಲಿ ಬಾಳೆಕಂದು, ತೋರಣ, ಒಳಗೆ ಹೊಸ ಬಟ್ಟೆ ತೊಟ್ಟ ನಾಲ್ಕೈದು ಜನ ಪುರಿ ತಿನ್ನುತ್ತ ಕೂತಿದ್ದರು. ಅವರು ಓಡಿಬಂದು ನಮ್ಮ ಕಾರನ್ನು ತಳ್ಳಿ, ಅಲಂಕಾರ ಮಾಡಿ ನಿಲ್ಲಿಸಿದ್ದ ಒಂದು ಲಾರಿಯ ಹಿಂದೆ ನೆರಳಿಗೆ ತಂದು ನಿಲ್ಲಿಸಿದರು. ಒಳಗೆ ಬೆಂಚಿನ ಮೇಲೆ ದೇವಿಯ ಪಟ, ಅದರ ಮುಂದೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಜೋಡಿಸಿದ ಸ್ಪ್ಯಾನರ್‌ಗಳು. ಲೋಕದ ಎಲ್ಲ ಅಳತೆಯವೂ ಅಲ್ಲಿದ್ದವು, ಎಲ್ಲಕ್ಕೂ ಕುಂಕುಮ. ಓನರು ಎರಡೂ ಕೈ ಜೋಡಿಸಿದರು.

"ತಪ್ಪು ತಿಳ್ಕೋಬೇಡಿ ಅಕ್ಕಾ. ಇವತ್ತು ಒಂದೇ ಒಂದು ಹತ್ಯಾರನೂ ಮುಟ್ಟಂಗಿಲ್ಲ. ಗಾಡಿ ಇಲ್ಲೇ ಇರ್ಲಿ, ನಾಳೆ ಕದಲಿಸಿದ್ ತಕ್ಷಣ ಮೊದ್ಲು ನಿಮ್ದೇ ಮಾಡ್ತೀನಿ. ಈಗ ಒಂದ್ ಆಟೋ ಹಿಡ್ಕೊಡ್ಲಾ?"

ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಪೂಜೆಯ ಸ್ಪ್ಯಾನರ್ ಕೊಡಿ ಎಂದು ಕೇಳಲು ಅವಳಿಗೂ ಬಾಯಿ ಬರಲಿಲ್ಲ. ಅವಳೂ ಅದೇ ನಂಬಿಕೆಯಲ್ಲೇ ಬೆಳೆದವಳು. ಅಜ್ಜಿ ಅವಳ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ನೇರ ದೇವಿಯ ಪಟದ ಮುಂದೆ ಹೋಗಿ ನಿಂತಳು.

"ಹೂ ಹಾಕ್ಸಿದ್ದು ನಾನು. ತಪ್ಪು ನಂದು. ಇವಳದ್ದಲ್ಲ. ಬಲಗಡೆ ಒಂದು ಹೂ ಕೊ‌ಡು ತಾಯಿ, ಒಂದು ಸ್ಪ್ಯಾನರ್ ಮಾತ್ರ ಕದಲಿಸ್ತೀನಿ. ಕೊಡಾಕಿಲ್ವಾ, ಆಟೋದಲ್ಲಿ ಹೋಯ್ತೀವಿ."

ಎಲ್ಲರೂ ಅವಳ ಹಿಂದೆ ಬಂದು ನಿಂತೆವು. ಪುರಿ ತಿನ್ನುವುದೂ ನಿಂತಿತು. ದೇವಿ ಸುಮ್ಮನಿದ್ದಳು. ಅಜ್ಜಿ ಇನ್ನೂ ಸ್ವಲ್ಪ ಹೊತ್ತು ಕಾದಳು, ಆಮೇಲೆ ಅವಳ ದನಿ ನಮ್ಮನ್ನು ಬೈಯುವ ದನಿಯೇ ಆಯಿತು.

"ಏನ್ ಯೋಚ್ನೆ ಮಾಡ್ತೀಯಮ್ಮ ಅಷ್ಟೊಂದು? ಅವಳೂ ನಿನ್ನಂಗೇ ಹೆಣ್ಣುಮಗಳು. ನಿನಗಾದ್ರೆ ಸಿಂಹ ಐತೆ, ದಾರೀಲಿ ಕೆಟ್ಟು ನಿಲ್ಲಾಕಿಲ್ಲ. ಅವಳಿಗೆ ಇರೋದು ಇದೊಂದೇ ಗಾಡಿ."

ಹೊರಗೆ ಮೈಸೂರು ರಸ್ತೆಯಲ್ಲಿ ಭಾರದ ಲಾರಿಯೊಂದು ಹಾದುಹೋಯಿತು. ಬೆಂಚು ನಡುಗಿತು. ಪಟದ ಮೇಲಿನಿಂದ ಒಂದು ಸೇವಂತಿಗೆ ಜಾರಿ ಬಿತ್ತು. ಓನರು ಬಗ್ಗಿ ನೋಡಿದರು.

"ಎಡಕ್ಕೆ ಬಿತ್ತಲ್ಲಜ್ಜೀ."

"ನಿನಗೆ ಎಡ. ಅವಳು ನಿನ್ನ ಕಡೆ ಮುಖ ಮಾಡಿ ಕೂತವಳೆ. ಅವಳ ಬಲಗೈ ಯಾವ ಕಡೆ ಐತೆ ನೋಡು."

ಓನರು ಪಟವನ್ನು ನೋಡಿದರು. ತಮ್ಮ ಬಲಗೈಯನ್ನು ಚಾಚಿ, ಒಮ್ಮೆ ಹಿಂದಕ್ಕೆ ತಿರುಗಿ ನಿಂತು, ಮತ್ತೆ ಪಟದ ಕಡೆ ತಿರುಗಿ ಲೆಕ್ಕ ಹಾಕಿದರು. ಅವರ ಮೀಸೆಯಡಿ ನಗು ಮೂಡಿತು.

"ಆಯ್ತಜ್ಜೀ, ಅಮ್ಮನೋರೇ ಕೊಟ್ಟವ್ರೆ. ಆದ್ರೆ ನಮ್ಮೋರು ಯಾರೂ ಇವತ್ತು ಕೆಲ್ಸ ಮುಟ್ಟಲ್ಲ. ಯಾರು ಮಾಡ್ತಾರೆ?"

"ನನ್ನ ಸೊಸೆ ಮಾಡ್ತಾಳೆ," ಎಂದಳು ಅಜ್ಜಿ. ಅಷ್ಟು ಹೆಮ್ಮೆಯಿಂದ ಅವಳು ಆ ಮಾತನ್ನು ಹೇಳಿದ್ದು ಅದೇ ಮೊದಲು, ಅದನ್ನು ಕೇಳಿ ಅಮ್ಮ ಆ ಕ್ಷಣದಲ್ಲಿ ಕಾರನ್ನೂ ಮರೆತು ಅತ್ತೆಯ ಮುಖವನ್ನೇ ನೋಡಿದಳು.

ಅಮ್ಮ ಬೆಂಚಿನ ಹತ್ತಿರ ಹೋಗಿ ಬಾಗಿದಳು. ಯಾವ ನಂಬರ್ ಎಂದು ಓನರು ಕೇಳಿದರು. ಅವಳು ಹೆಬ್ಬೆರಳು ತೋರುಬೆರಳ ನಡುವೆ ತಾನು ಹೊಲಿದ ಜೇಬಿನ ಅಗಲ ಹಿಡಿದು, ಸಾಲಿನ ಮೇಲೆ ಕೈ ಆಡಿಸುತ್ತ ಬಂದು ಒಂದರ ಮೇಲೆ ನಿಲ್ಲಿಸಿದಳು. ಅಜ್ಜಿ ಅದನ್ನು ಸ್ವಲ್ಪ ಕದಲಿಸಿ, ಕಣ್ಣಿಗೊತ್ತಿಕೊಂಡು, ಎತ್ತಿಕೊಟ್ಟಳು. ಅಲ್ಲಿಂದ ಮುಂದೆ ನಡೆದದ್ದು ನಮ್ಮ ಓಣಿಯ ಭಾನುವಾರದ ಹಾಗೆಯೇ ಇತ್ತು. ಡೈನಮೊದ ಬೋಲ್ಟು ಸಡಿಲವಾಯಿತು, ಬೆಲ್ಟು ಕೂತಿತು, ಡಿಕ್ಕಿಯಲ್ಲಿದ್ದ ಜಾಕಿನ ಹಿಡಿಯನ್ನು ಸನ್ನೆಗೋಲಾಗಿ ಕೊಟ್ಟು ನಾನೂ ಮಂಜುವೂ ಡೈನಮೊವನ್ನು ಒತ್ತಿಹಿಡಿದೆವು. ಗ್ಯಾರೇಜಿನವರು ಹೊಸ ಶರ್ಟುಗಳಿಗೆ ಮಸಿ ತಾಗದಂತೆ ಕೈಯನ್ನು ಬೆನ್ನ ಹಿಂದೆ ಕಟ್ಟಿ ಸುತ್ತ ನಿಂತು, ತಡೆಯಲಾರದೆ ಒದ್ದಾಡುತ್ತಿದ್ದರು.

"ಇನ್ನೊಂಚೂರು ಎಳೀರಿ ಅಕ್ಕಾ... ಹಾಂ, ಈಗ ಟೈಟ್ ಕೊಡಿ."

"ಸಾಕು ಸಾಕು, ಬೆಲ್ಟ್ ಒತ್ತಿ ನೋಡಿ."

ಅಮ್ಮ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ರೇಡಿಯೇಟರಿಗೆ ನೀರು ನೋಡಿದಳು. ಹತ್ತಿ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಹಿಡಿಯಿತು, ಕೆಂಪು ದೀಪ ಆರಿತು. ಗ್ಯಾರೇಜಿನವರು ಶಿಳ್ಳೆ ಹೊಡೆದರು, ಮಂಜು ಕುಣಿದ, ನಾನು ಅತ್ತುಬಿಟ್ಟೆ. ಅಮ್ಮ ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲೇ ಇಟ್ಟು, ಮತ್ತೆ ಕುಂಕುಮ ಹಚ್ಚಿ, ದೇವಿಗೆ ಅಡ್ಡಬಿದ್ದು ಬಂದಳು. ಓನರು ಒಂದು ಹಿಡಿ ಪುರಿ, ಬಾಳೆಹಣ್ಣು ಕೊಟ್ಟರು. ಅಜ್ಜಿ ಅವರಿಗೆ ಡಬ್ಬಿಯಿಂದ ಒಬ್ಬಟ್ಟು ಕೊಟ್ಟಳು.

ಮತ್ತೆ ರಸ್ತೆಗೆ ಬಂದು ಇನ್ನೂ ಮೂರನೇ ಗೇರ್ ಹಾಕಿದ್ದೆವೋ ಇಲ್ಲವೋ, ಮುಂದೆ ಎಡ ಅಂಚಿನಲ್ಲಿ ಒಂದು ಸ್ಕೂಟರ್ ತೀರಾ ನಿಧಾನವಾಗಿ ಹೋಗುತ್ತಿರುವುದು ಕಂಡಿತು. ಓಡಿಸುತ್ತಿದ್ದವರು ಮರದ ನೆರಳು ಕಂಡರೆ ಅತ್ತ ಕತ್ತು ಚಾಚುತ್ತಿದ್ದರು, ಪಕ್ಕಕ್ಕೆ ನಿಂತ ವಾಹನ ಕಂಡರೆ ಬ್ರೇಕ್ ಹಾಕುತ್ತಿದ್ದರು.

"ಅಪ್ಪ!" ಎಂದು ಮಂಜು ಕಿರುಚಿದ.

ಅಪ್ಪನೇ. ಕಾರ್ಖಾನೆಯ ಪೂಜೆಯಿಂದ ಮನೆಗೆ ಬಂದು ಬಟ್ಟೆ ಬದಲಿಸಲು ಹೋದವನಿಗೆ ದೇವರ ಮುಂದೆ ಹರಡಿದ್ದ ಕಿಟ್ ಕಂಡಿದೆ. ಪೂಜೆಗಿಟ್ಟದ್ದು ಎಂದೂ ನೋಡದೆ ಸುರುಳಿ ಸುತ್ತಿ, ಹೆಗಲಿಗೆ ನೇತುಹಾಕಿಕೊಂಡು ಹೊರಟುಬಂದಿದ್ದ. ಲಾರಿಯ ಮರೆಯಲ್ಲಿದ್ದ ನಮ್ಮನ್ನು ಕಾಣದೆ ಗ್ಯಾರೇಜನ್ನು ದಾಟಿ ಬಂದಿರಬೇಕು. ಅವನ ಬಿಳಿ ಶರ್ಟಿನ ಬೆನ್ನಿಗೆಲ್ಲ ಕುಂಕುಮ ಮೆತ್ತಿಕೊಂಡಿತ್ತು. ದೇವರ ಹತ್ಯಾರ ಕಿತ್ತುಕೊಂಡು ಬಂದವನ ಆ ಬೆನ್ನು ನೋಡಿ ನನಗೆ ಅಪ್ಪನ ಮೇಲೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು. ಅಮ್ಮ ತುಟಿ ಕಚ್ಚಿಕೊಂಡು ನಗು ಹಿಡಿದಿದ್ದಳು. ಅವನ ಹಿಂದೆಯೇ ಹೋಗಿ ಒಂದು ಹಾರ್ನ್ ಹೊಡೆದಳು. ಅಪ್ಪ ತಿರುಗಲಿಲ್ಲ. ಕೆಟ್ಟು ನಿಂತ ಕಾರನ್ನು ಹುಡುಕುತ್ತಿದ್ದವನಿಗೆ ಬೆನ್ನಿಗೆ ಬಂದ ಕಾರಿನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಅಮ್ಮ ಇನ್ನೊಮ್ಮೆ ಹಾರ್ನ್ ಹೊಡೆದಳು. ಅವನು ಸಿಡುಕಿಕೊಂಡು ಸ್ಕೂಟರನ್ನು ಇನ್ನೂ ಅಂಚಿಗೆ ಸರಿಸಿ, ಕಣ್ಣನ್ನು ಮರಗಳ ಕಡೆಯೇ ಇಟ್ಟುಕೊಂಡು, ಬಲಗೈ ಎತ್ತಿ ಹೋಗಿ, ಹೋಗಿ ಎಂದು ಜೋರಾಗಿ ಬೀಸಿದ.

ಅಜ್ಜಿ ಬಾಳೆಹಣ್ಣು ಸುಲಿಯುತ್ತ ಅಮ್ಮನ ಕಡೆ ತಿರುಗಿದಳು.

"ಅವನೇ ಹೋಗು ಅಂದವ್ನೆ. ಇನ್ನೇನ್ ನೋಡ್ತೀಯಾ, ಹೋಗು."